ಬಾಗಿಲು ತಟ್ಟುವವರು ಯಾರು?

(ಸ್ಟಾಫರ್ಡ್‌ನಲ್ಲಿ ಸೇರಿದ್ದ ಕನ್ನಡಿಗರ ಸಮಾವೇಶದಲ್ಲಿ ಮಾಡಿದ ಮುಖ್ಯ ಭಾಷಣದ ಬರಹರೂಪ)



ಮುಖ್ಯ ಭಾಷಣ ಮಾಡಬೇಕು ಎಂದು ಸಂಘಟಕರು ಫೋನ್ ಮಾಡಿದಾಗ ನಾನು ಸ್ವಲ್ಪ ಗಾಬರಿಯಾದೆ. ನಾನು ಸಾಹಿತಿಯಲ್ಲ. ಅರಸೀಕೆರೆ ಕಡೆಯವನು, ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿ, ಈ ದೇಶಕ್ಕೆ ಬಂದು ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆದವನು. "ನನ್ನ ಹತ್ತಿರ ಏನಿದೆ ಹೇಳೋಕೆ?" ಎಂದೆ. ಅವರು, "ಸಾರ್, ಈ ತಿಂಗಳು ನಮ್ಮ ಎಲ್ಲರ ಮನೆಯಲ್ಲೂ ಒಂದೇ ಮಾತು. ಮಕ್ಕಳಿಗೆ ಕಾಲೇಜಿನ ಅಡ್ಮಿಷನ್ ಬಂದಿದೆ. ಎಲ್ಲಿ ಇರಿಸೋದು ಅಂತ ಗೊತ್ತಾಗ್ತಿಲ್ಲ. ಅದರ ಬಗ್ಗೆಯೇ ಮಾತಾಡಿ" ಎಂದರು. ಆಗ ನಾನು ಒಪ್ಪಿಕೊಂಡೆ. ಏಕೆಂದರೆ ಆ ವಿಷಯದಲ್ಲಿ ನಾನು ಒಂದು ದೊಡ್ಡ ತಪ್ಪು ಮಾಡಿದವನು. ಆ ತಪ್ಪಿನ ಕಥೆಯನ್ನೇ ಇವತ್ತು ಹೇಳುತ್ತೇನೆ.

ಡಾರ್ಮ್, ಅಪಾರ್ಟ್‌ಮೆಂಟ್, ಮನೆಯಿಂದಲೇ ಓಡಾಟ, ಇವುಗಳಲ್ಲಿ ಯಾವುದು ಒಳ್ಳೆಯದು ಎಂದು ಕೇಳಿದರೆ ನಾವೆಲ್ಲ ಮೊದಲು ನೋಡುವುದು ಬಾಡಿಗೆ. ಆಮೇಲೆ ದೂರ. ಆಮೇಲೆ ಊಟ, ಭದ್ರತೆ, ಜಿಮ್ಮು. ಇವೆಲ್ಲ ಬೇಕಾದವೇ. ಆದರೆ ಇವುಗಳಿಗಿಂತ ಮೊದಲು ಕೇಳಬೇಕಾದ ಒಂದು ಪ್ರಶ್ನೆ ಇದೆ. ಅದನ್ನು ನಮ್ಮ ಹಿರಿಯರು ಕೇಳದೆಯೇ ತಿಳಿದಿದ್ದರು. ನಾನು ತಡವಾಗಿ ಕಲಿತೆ.

ವಾರಾನ್ನದ ಮನೆ

ನಮ್ಮಪ್ಪ ಮೈಸೂರಿನಲ್ಲಿ ಇಂಟರ್‌ಮೀಡಿಯೆಟ್ ಓದಿದ್ದು ವಾರಾನ್ನ ಮಾಡಿಕೊಂಡು. ಇಲ್ಲಿ ಹುಟ್ಟಿ ಬೆಳೆದ ಮಕ್ಕಳು ಇದ್ದಾರೆ, ಅವರಿಗಾಗಿ ಹೇಳುತ್ತೇನೆ. ವಾರಾನ್ನ ಅಂದರೆ ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಊಟ. ಸೋಮವಾರ ಒಬ್ಬ ವಕೀಲರ ಮನೆ, ಮಂಗಳವಾರ ಒಬ್ಬ ಮೇಷ್ಟರ ಮನೆ, ಬುಧವಾರ ಒಬ್ಬ ಅಜ್ಜಿಯ ಮನೆ. ಅಪ್ಪನಿಗೆ ಶನಿವಾರದ ಮನೆ ಮಾತ್ರ ಸಿಕ್ಕಿರಲಿಲ್ಲವಂತೆ. ಶನಿವಾರ ಅವಲಕ್ಕಿ, ಮಜ್ಜಿಗೆ. ಮಲಗುವುದಕ್ಕೆ ಇಬ್ಬರು ಗೆಳೆಯರ ಜೊತೆ ಒಂದು ಬಾಡಿಗೆ ಕೋಣೆ.

ಅಪ್ಪ ಆ ಹಸಿವಿನ ಬಗ್ಗೆ ಹೆಚ್ಚು ಮಾತಾಡುತ್ತಿರಲಿಲ್ಲ. ಒಂದು ಬುಧವಾರದ ಬಗ್ಗೆ ಮಾತ್ರ ಹೇಳುತ್ತಿದ್ದರು. ಜ್ವರ ಬಂದು ಅವತ್ತು ಊಟಕ್ಕೆ ಹೋಗಿರಲಿಲ್ಲ. ರೂಮಿನವರಿಬ್ಬರೂ ಊರಿಗೆ ಹೋಗಿದ್ದರು. ಸಂಜೆ ಕತ್ತಲಾದ ಮೇಲೆ ಯಾರೋ ಬಾಗಿಲು ತಟ್ಟಿದರು. ಬುಧವಾರದ ಅಜ್ಜಿಯ ಮಗ, ಕೈಯಲ್ಲಿ ಒಂದು ಚೊಂಬು ಮೆಣಸಿನ ಸಾರು. "ಹುಡುಗ ಯಾಕೆ ಬರಲಿಲ್ಲ ನೋಡ್ಕೊಂಡು ಬಾ ಅಂತ ಅಮ್ಮ ಕಳಿಸಿದ್ರು" ಎಂದನಂತೆ. ಅಪ್ಪ ಎಂಬತ್ತು ದಾಟಿದ ಮೇಲೂ ಆ ಚೊಂಬಿನ ಬಗ್ಗೆ ಹೇಳುವಾಗ ಸ್ವಲ್ಪ ಹೊತ್ತು ಸುಮ್ಮನಾಗುತ್ತಿದ್ದರು.

ಇದನ್ನು ಹೇಳಿ ಹಳೆಯ ಕಾಲವೇ ಚಿನ್ನ ಎನ್ನುವುದು ನನ್ನ ಉದ್ದೇಶವಲ್ಲ. ವಾರಾನ್ನ ಎಲ್ಲರಿಗೂ ಇರಲಿಲ್ಲ. ಜಾತಿ ನೋಡಿ ಎಲೆ ಹಾಕುತ್ತಿದ್ದ ಕಾಲ ಅದು. ಹಳ್ಳಿಯಿಂದ ಬಂದ ಎಷ್ಟೋ ಬುದ್ಧಿವಂತ ಹುಡುಗರಿಗೆ ಪೇಟೆಯಲ್ಲಿ ಒಂದು ಬಾಗಿಲೂ ತೆರೆಯುತ್ತಿರಲಿಲ್ಲ. ಅದಕ್ಕೇ ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ಒಂದೊಂದು ಸಮುದಾಯವೂ ತನ್ನ ಮಕ್ಕಳಿಗಾಗಿ ಹಾಸ್ಟೆಲ್ ಕಟ್ಟಿಕೊಂಡಿತು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಶಿವಕುಮಾರ ಸ್ವಾಮಿಗಳು ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ವಸತಿ, ಓದು ಮೂರನ್ನೂ ಒಂದೇ ಕಡೆ ಕೊಟ್ಟರು. 2019ರಲ್ಲಿ ಅವರು ತೀರಿಕೊಂಡಾಗ ಈ ಟೆಕ್ಸಾಸ್‌ನಲ್ಲಿ ಕೂಡ ಕಣ್ಣೀರು ಹಾಕಿದವರು ಇದ್ದಾರೆ. ಅವರಲ್ಲಿ ಕೆಲವರು ಅಲ್ಲಿಯೇ ಉಂಡು ಬೆಳೆದವರು.

ಇನ್ನೊಂದು ನಿದರ್ಶನ ನಿಮಗೆಲ್ಲ ಗೊತ್ತಿರುವುದೇ. ಕುವೆಂಪು ಮೈಸೂರಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಕಾಯಿಲೆ ಬಿದ್ದರು. ಮಲೆನಾಡಿನಿಂದ ಬಂದು ಪೇಟೆಯ ಕೋಣೆಯಲ್ಲಿದ್ದ ಆ ಹುಡುಗನನ್ನು ರಾಮಕೃಷ್ಣ ಆಶ್ರಮದ ಸ್ವಾಮಿ ಸಿದ್ಧೇಶ್ವರಾನಂದರು ಆಶ್ರಮಕ್ಕೆ ಕರೆದುಕೊಂಡು ಹೋದರು. ಮುಂದೆ ಸುಮಾರು ಹತ್ತು ವರ್ಷ, 1937ರಲ್ಲಿ ಮದುವೆಯಾಗುವವರೆಗೆ, ಅವರಿಗೆ ಅದೇ ಮನೆ. ಆ ದಿನ ಯಾರೂ ವಿಚಾರಿಸದೇ ಹೋಗಿದ್ದರೆ ನಾವು ಇವತ್ತು ಯಾರ ಗೀತೆ ಹಾಡಿ ಈ ಸಭೆ ಆರಂಭಿಸುತ್ತಿದ್ದೆವೋ ನನಗೆ ಗೊತ್ತಿಲ್ಲ.

ನನ್ನ ಕಾಲಕ್ಕೆ ವಾರಾನ್ನ ಹೋಗಿ ಹಾಸ್ಟೆಲ್ ಮೆಸ್ ಬಂದಿತ್ತು. ತೊಳೆದರೂ ಜಿಡ್ಡು ಹೋಗದ ತಟ್ಟೆ, ನೀರಿನಂಥ ಸಾರು. ಬೈಯದ ದಿನವಿಲ್ಲ. ಆದರೆ ಅಡುಗೆ ಭಟ್ಟರು ತಟ್ಟೆ ಎಣಿಸುತ್ತಿದ್ದರು. ಎರಡು ಹೊತ್ತು ಕಾಣದಿದ್ದರೆ ಯಾರಾದರೂ ಒಬ್ಬನನ್ನು ಹಿಡಿದು, "ಹದಿನಾಲ್ಕನೇ ರೂಮಿನವನು ಏನಾದ?" ಎಂದು ಕೇಳುತ್ತಿದ್ದರು. ಅದು ಪ್ರೀತಿಯೋ, ಮೆಸ್ಸಿನ ಲೆಕ್ಕವೋ ನಮಗೆ ತಿಳಿಯುತ್ತಿರಲಿಲ್ಲ. ಎರಡೂ ಇತ್ತು ಎಂದು ಈಗ ಅನಿಸುತ್ತದೆ.

ರಿಚರ್ಡ್‌ಸನ್‌ನ ಹಾಲ್

1996ರ ಆಗಸ್ಟ್‌ನಲ್ಲಿ ನಾನು ಯೂನಿವರ್ಸಿಟಿ ಆಫ್ ಟೆಕ್ಸಾಸ್ ಅಟ್ ಡಾಲಸ್‌ಗೆ ಎಂ.ಎಸ್. ಮಾಡಲು ಬಂದೆ. ಹೆಸರು ಡಾಲಸ್, ಊರು ರಿಚರ್ಡ್‌ಸನ್. ಆಗ ಅಲ್ಲಿ ಡಾರ್ಮ್ ಎಂಬುದೇ ಇರಲಿಲ್ಲ. ಮೊದಲ ಡಾರ್ಮ್ ಬಂದದ್ದು 2009ರಲ್ಲಿ. ನಮ್ಮ ಕಾಲಕ್ಕೆ ಇದ್ದದ್ದು ವಾಟರ್‌ವ್ಯೂ ಪಾರ್ಕ್ ಎಂಬ ಅಪಾರ್ಟ್‌ಮೆಂಟ್‌ಗಳು. ಎರಡು ಬೆಡ್‌ರೂಮಿನ ಮನೆಯಲ್ಲಿ ನಾವು ಐದು ಜನ. ಇಬ್ಬರು ತೆಲುಗರು, ಒಬ್ಬ ಪುಣೆಯವನು, ಒಬ್ಬ ದಾವಣಗೆರೆಯವನು, ನಾನು. ಕೊನೆಯಲ್ಲಿ ಬಂದವನಿಗೆ ಹಾಲ್. ಆ ಹಾಲ್‌ನಲ್ಲಿ ಒಂದು ವರ್ಷ, ಯಾರೋ ಬಿಸಾಡಿದ್ದ ಹಾಸಿಗೆಯ ಮೇಲೆ ಮಲಗಿದೆ.

ಆ ಮನೆಯ ನಿಯಮ ಫ್ರಿಜ್ ಮೇಲೆ ಅಂಟಿಸಿತ್ತು. ಅಡುಗೆ ಒಬ್ಬ, ಪಾತ್ರೆ ಒಬ್ಬ, ಸಾಮಾನು ತರುವುದು ಒಬ್ಬ. ರಾತ್ರಿ ಎಷ್ಟು ಹೊತ್ತಾದರೂ ಲ್ಯಾಬ್‌ನಿಂದ ಬಂದವನಿಗೆ ಒಂದು ತಟ್ಟೆ ಅನ್ನ ಮುಚ್ಚಿಟ್ಟಿರುತ್ತಿತ್ತು. ನನಗೆ ಮೊದಲ ಸೆಮಿಸ್ಟರಿನಲ್ಲಿ ಒಂದು ವಿಷಯದಲ್ಲಿ ಕೆಟ್ಟ ಗ್ರೇಡ್ ಬಂದು, ಎರಡು ದಿನ ಹಾಸಿಗೆಯಿಂದ ಏಳಲಿಲ್ಲ. ಹಾಲ್‌ನಲ್ಲಿ ಮಲಗುವವನಿಗೆ ದುಃಖಪಡುವುದಕ್ಕೂ ಖಾಸಗಿ ಜಾಗವಿಲ್ಲವಲ್ಲ! ದಾವಣಗೆರೆಯ ಗೆಳೆಯ ಹೊದಿಕೆ ಎಳೆದು, "ಏಳಲೇ, ಪಾತ್ರೆ ಇವತ್ತು ನಿಂದು" ಎಂದ. ಎದ್ದೆ. ಪಾತ್ರೆ ತೊಳೆದೆ. ಆ ಸೆಮಿಸ್ಟರ್ ಹಾಗೆ ದಾಟಿತು.

ಅದೆಲ್ಲ ಬಡತನದ ಕಷ್ಟ ಎಂದು ನಾನು ತಿಳಿದಿದ್ದೆ. ನನ್ನ ಮಗಳಿಗೆ ಅಂಥದ್ದು ಬೇಡ ಎಂದು ಅಂದುಕೊಂಡಿದ್ದೆ. ತಪ್ಪು ಶುರುವಾದದ್ದು ಅಲ್ಲಿಂದಲೇ.

ನನ್ನ ಸ್ಪ್ರೆಡ್‌ಶೀಟ್

ಕೆಲವು ವರ್ಷಗಳ ಹಿಂದೆ ಮಗಳಿಗೆ ಯುಟಿ ಆಸ್ಟಿನ್‌ನಲ್ಲಿ ಸೀಟು ಸಿಕ್ಕಿತು. ಐವತ್ತು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳಿರುವ ವಿಶ್ವವಿದ್ಯಾಲಯ. ಎಲ್ಲರಿಗೂ ಒಳಗೆ ಜಾಗವಿಲ್ಲ, ಹೆಚ್ಚಿನವರು ಹೊರಗೇ ಇರುತ್ತಾರೆ. ಮಗಳಿಗೆ ಜೆಸ್ಟರ್‌ನಲ್ಲಿ ಇರಬೇಕೆಂದು ಆಸೆ. 1969ರಲ್ಲಿ ತೆರೆದ ದೊಡ್ಡ ಡಾರ್ಮ್ ಅದು, ಸುಮಾರು ಮೂರು ಸಾವಿರ ಮಕ್ಕಳು ಒಂದೇ ಕಟ್ಟಡ ಸಮುಚ್ಚಯದಲ್ಲಿ. ನಾವು ನೋಡಲು ಹೋದಾಗ ನನಗೆ ಕಂಡದ್ದು ಸಣ್ಣ ಕೋಣೆ, ಎರಡು ಮಂಚ, ಗದ್ದಲ, ಕಾರಿಡಾರಿನಲ್ಲಿ ಟವೆಲ್ ಸುತ್ತಿಕೊಂಡು ಓಡುವ ಹುಡುಗರು. "ಇಲ್ಲಿ ಓದೋಕಾಗುತ್ತಾ? ಗುರುತು ಪರಿಚಯ ಇಲ್ಲದ ಹುಡುಗಿ ಜೊತೆ ಒಂದೇ ರೂಮು ಬೇರೆ" ಎಂದೆ.

ನಾನು ಹದಿನಾಲ್ಕು ಸಾಲಿನ ಸ್ಪ್ರೆಡ್‌ಶೀಟ್ ಮಾಡಿದೆ. ಬಾಡಿಗೆ, ಚದರಡಿ, ತರಗತಿಗೆ ಎಷ್ಟು ನಿಮಿಷದ ನಡಿಗೆ, ಬಾಗಿಲಿಗೆ ಎಂಥ ಬೀಗ, ಕ್ಯಾಮೆರಾ ಎಷ್ಟು. ಗೆದ್ದದ್ದು ವೆಸ್ಟ್ ಕ್ಯಾಂಪಸ್‌ನ ಒಂದು ಹೊಸ ಖಾಸಗಿ ಕಟ್ಟಡ. ಹನ್ನೊಂದನೇ ಮಹಡಿಯಲ್ಲಿ ಸ್ಟುಡಿಯೋ, ಅವಳೊಬ್ಬಳಿಗೇ. ಮೂರು ಕಡೆ ಕಾರ್ಡ್ ತೋರಿಸದೆ ಒಳಗೆ ಹೋಗುವ ಹಾಗಿಲ್ಲ. "ಒಬ್ಬಳೇ ಇದ್ದರೆ ಓದು ಚೆನ್ನಾಗಿ ಆಗುತ್ತೆ ಪುಟ್ಟಿ" ಎಂದೆ. ಅವಳು, "ನಿಮ್ಮಿಷ್ಟ ಅಪ್ಪ" ಎಂದಳು. ಆ "ನಿಮ್ಮಿಷ್ಟ"ದ ಅರ್ಥ ನನಗೆ ಆಗ ಹೊಳೆಯಲಿಲ್ಲ. ನನ್ನ ಹೆಂಡತಿಗೆ ಹೊಳೆದಿತ್ತು. "ರೀ, ಅವಳನ್ನ ಇನ್ನೊಂದು ಸಲ ಕೇಳಿ" ಎಂದಳು. ನಾನು ಅಷ್ಟರಲ್ಲಿ ಸಹಿ ಹಾಕಿ ಆಗಿತ್ತು.

ಗಣೇಶನ ಹಬ್ಬಕ್ಕೆ ಹೋಗಿ ಕಡುಬು ಕೊಟ್ಟು ಬಂದೆವು. ಎಲ್ಲ ಸರಿಯಾಗಿತ್ತು. ಆಮೇಲೆ ಫೋನ್ ಮಾಡಿದಾಗಲೆಲ್ಲ, "ಚೆನ್ನಾಗಿದ್ದೀನಿ ಅಪ್ಪ, ಓದ್ತಾ ಇದ್ದೀನಿ" ಎನ್ನುವಳು. ವಿಡಿಯೋ ಹಾಕು ಎಂದರೆ ಲೈಬ್ರರಿಯಲ್ಲಿದ್ದೀನಿ ಎನ್ನುವಳು. ದೀಪಾವಳಿಗೆ ಹೇಳದೆ ಹೋದೆವು. ಬಾಗಿಲು ತೆರೆಯಲು ತುಂಬ ಹೊತ್ತು ಹಿಡಿಯಿತು. ಮಧ್ಯಾಹ್ನ ಎರಡು ಗಂಟೆಗೆ ಪರದೆ ಎಳೆದು ಕೋಣೆ ಕತ್ತಲೆ. ಹೆಂಡತಿ ತಂದಿದ್ದ ಕಜ್ಜಾಯ ಇಡಲು ಫ್ರಿಜ್ ತೆಗೆದಳು. ಗಣೇಶನ ಹಬ್ಬದ ಕಡುಬು ಅದೇ ಡಬ್ಬಿಯಲ್ಲಿ, ಮುಚ್ಚಳ ತೆಗೆಯದೆ, ಬೂಷ್ಟು ಹಿಡಿದು ಕೂತಿತ್ತು.

ಐದು ವಾರದಿಂದ ಅವಳು ತರಗತಿಗೆ ಹೋಗಿರಲಿಲ್ಲ. ಅದು ಯಾರಿಗೂ ಗೊತ್ತಿರಲಿಲ್ಲ. ನಾನು ಸಿಟ್ಟಿನಿಂದ ಕೆಳಗಿನ ಡೆಸ್ಕಿಗೆ ಹೋಗಿ ಕೇಳಿದೆ. ಅಲ್ಲಿದ್ದ ಹುಡುಗ ಪಾಪ ವಿನಯದಿಂದಲೇ ಹೇಳಿದ. ಪಾರ್ಸೆಲ್ ಬಂದರೆ ತೆಗೆದಿಡುತ್ತೇವೆ, ಬೀಗ ಕೆಟ್ಟರೆ ಸರಿಮಾಡಿಸುತ್ತೇವೆ, ಅಷ್ಟೇ ನಮ್ಮ ಕೆಲಸ ಎಂದ. ಅವನು ಹೇಳಿದ್ದು ನಿಜ. ನಾನು ಹಣ ಕೊಟ್ಟದ್ದು ಅಷ್ಟಕ್ಕೇ. ಮೇಲೆ ಬಂದಾಗ ಮಗಳು ಅಮ್ಮನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. "ಅಪ್ಪ, ಇಲ್ಲಿ ನನ್ನ ಬಾಗಿಲು ತಟ್ಟೋರು ಅಂದ್ರೆ ಊಟ ಡೆಲಿವರಿ ಮಾಡೋರು ಮಾತ್ರ. ಈಗ ಅವರೂ ಕೆಳಗೇ ಇಟ್ಟು ಹೋಗ್ತಾರೆ" ಎಂದಳು.

ಬಂಧುಗಳೇ, ಮೂರು ಬೀಗದ ಬಾಗಿಲು ನಾನು ಬಹಳ ಹುಡುಕಿ ಆರಿಸಿದ್ದು. ಆ ಬಾಗಿಲನ್ನು ತಟ್ಟುವವರು ಯಾರು ಎಂದು ನಾನು ಕೇಳಿರಲಿಲ್ಲ. ನನ್ನ ಹದಿನಾಲ್ಕು ಸಾಲಿನಲ್ಲಿ ಆ ಸಾಲು ಇರಲಿಲ್ಲ.

ಈ ದೇಶದ ಕಾನೂನನ್ನೂ ಇಲ್ಲಿ ಹೇಳಿಬಿಡುತ್ತೇನೆ. ಕಾಲೇಜು ಸೇರಿದ ಮೇಲೆ ವಿದ್ಯಾರ್ಥಿಯ ದಾಖಲೆಗಳ ಮೇಲಿನ ಹಕ್ಕು ವಿದ್ಯಾರ್ಥಿಯದು. 1974ರ ಫರ್ಪಾ ಕಾಯ್ದೆ ಅದು. ಫೀ ಕಟ್ಟುವವರು ನಾವೇ ಆದರೂ, ಮಗು ತರಗತಿಗೆ ಬರುತ್ತಿಲ್ಲ ಎಂದು ನಮಗೆ ಸಾಮಾನ್ಯವಾಗಿ ಯಾರೂ ಪತ್ರ ಬರೆಯುವುದಿಲ್ಲ. ಹದಿನೆಂಟು ತುಂಬಿದ ಮೇಲೆ ಆಸ್ಪತ್ರೆಯ ವಿಷಯವೂ ಹಾಗೆಯೇ. ಆದ್ದರಿಂದ ಮಗುವಿನ ಜೊತೆ ಕೂತು ಮಾತಾಡಿ, ಒಪ್ಪಿದರೆ ಮೆಡಿಕಲ್ ಪವರ್ ಆಫ್ ಅಟಾರ್ನಿ ಮಾಡಿಸಿಡಿ. ಆದರೆ ಯಾವ ಕಾಗದವೂ ಬಾಗಿಲು ತಟ್ಟುವುದಿಲ್ಲ.

ಇಪ್ಪತ್ತೈದು ಜನಕ್ಕೆ ಬೇಳೆ

ಮಗಳು ಆ ಸೆಮಿಸ್ಟರಿನಲ್ಲಿ ಎರಡು ಕೋರ್ಸ್ ಬಿಟ್ಟಳು. ಕೌನ್ಸೆಲರ್ ಹತ್ತಿರ ಹೋಗತೊಡಗಿದಳು. ಜನವರಿಗೆ ಎಲ್ಲಿರಬೇಕು ಎಂದು ಈ ಸಲ ಅವಳೇ ಹುಡುಕಿದಳು. ಹುಡುಕಿದ್ದು ಒಂದು ಕೋ-ಆಪ್. ಆಸ್ಟಿನ್‌ನಲ್ಲಿ ಇಂಟರ್-ಕೋಆಪರೇಟಿವ್ ಕೌನ್ಸಿಲ್ ಎಂಬ ವಿದ್ಯಾರ್ಥಿಗಳ ಸಹಕಾರಿ ವಸತಿ ಸಂಸ್ಥೆ ಇದೆ. 1937ರಿಂದ, ಆ ದೊಡ್ಡ ಆರ್ಥಿಕ ಕುಸಿತದ ಕಾಲದಿಂದ ನಡೆದುಬಂದದ್ದು. ಹಳೆಯ ಮನೆಗಳು. ವಿದ್ಯಾರ್ಥಿಗಳೇ ನಡೆಸುತ್ತಾರೆ. ಪ್ರತಿಯೊಬ್ಬರೂ ವಾರಕ್ಕೆ ನಾಲ್ಕೈದು ಗಂಟೆ ಮನೆಗೆಲಸ ಮಾಡಬೇಕು, ಅಡುಗೆ, ಪಾತ್ರೆ, ಗುಡಿಸುವುದು. ರಾತ್ರಿ ಊಟ ಒಟ್ಟಿಗೆ. ಸಸ್ಯಾಹಾರದ ಮನೆಯೂ ಇದೆ.

ನೋಡಲು ಹೋದಾಗ ನನಗೆ ಇಷ್ಟವಾಗಲಿಲ್ಲ. ಮೆಟ್ಟಿಲು ಕಿರುಗುಟ್ಟುತ್ತಿತ್ತು. ಬಾತ್‌ರೂಮು ಹಂಚಿಕೊಳ್ಳಬೇಕು. ಹುಡುಗ, ಹುಡುಗಿಯರು ಒಂದೇ ಮನೆಯಲ್ಲಿ. ಸೋಫಾಕ್ಕೆ ನನ್ನಷ್ಟೇ ವಯಸ್ಸು. ಆದರೆ ಅಡುಗೆಮನೆಯ ಗೋಡೆಯ ಮೇಲೆ ಒಂದು ದೊಡ್ಡ ಕಾಗದ ಇತ್ತು. ಯಾವ ದಿನ ಯಾರದು ಅಡುಗೆ, ಯಾರದು ಪಾತ್ರೆ. ನನಗೆ ತಕ್ಷಣ ರಿಚರ್ಡ್‌ಸನ್‌ನ ಫ್ರಿಜ್ ನೆನಪಾಯಿತು. ಬಾಯಿ ಮುಚ್ಚಿಕೊಂಡೆ.

ಒಂದು ತಿಂಗಳಾದ ಮೇಲೆ ಒಂದು ಭಾನುವಾರ ಮಗಳ ಫೋನ್. "ಅಮ್ಮ, ಇವತ್ತು ಅಡುಗೆ ನಂದು. ಬಿಸಿಬೇಳೆ ಬಾತ್ ಮಾಡ್ತೀನಿ ಅಂದಿದ್ದೀನಿ. ಇಪ್ಪತ್ತೈದು ಜನಕ್ಕೆ ಎಷ್ಟು ಬೇಳೆ?" ಮೂರು ಜನರ ಸಂಸಾರ ಮಾಡಿದ ನನ್ನ ಹೆಂಡತಿಗೆ ಉತ್ತರ ಗೊತ್ತಿರಲಿಲ್ಲ. ಅವಳು ಊರಿನಲ್ಲಿರುವ ಅಮ್ಮನಿಗೆ ಫೋನ್ ಮಾಡಿದಳು. ಅಲ್ಲಿ ಬೆಳಗಿನ ಜಾವ. ಅಜ್ಜಿ ನಿದ್ದೆಯಿಂದ ಎದ್ದು ಹೇಳಿದರು: "ತಲೆಗೊಂದು ಹಿಡಿ ಅಂತ ಎಣಿಸಿ ಹಾಕು. ಆಮೇಲೆ ಹೇಳದೆ ಬರೋರಿಗೆ ಅಂತ ಇನ್ನೆರಡು ಹಿಡಿ ಹಾಕು." ಬಾತು ಸ್ವಲ್ಪ ತಳ ಹಿಡಿಯಿತಂತೆ. ಪಾತ್ರೆ ಮಾತ್ರ ಖಾಲಿಯಾಯಿತಂತೆ.

ಎಲ್ಲರೂ ಕೋ-ಆಪ್‌ಗೆ ಮಕ್ಕಳನ್ನು ಕಳಿಸಿ ಎಂದು ನಾನು ಹೇಳುತ್ತಿಲ್ಲ. ಅದು ಎಲ್ಲ ಮಕ್ಕಳಿಗೂ ಹಿಡಿಸುವುದಿಲ್ಲ. ಗದ್ದಲ ತಡೆಯದವರಿದ್ದಾರೆ, ಪಾಳಿಯ ಕೆಲಸದಲ್ಲಿ ಜಗಳವೂ ಆಗುತ್ತದೆ. ನಾನು ಹೇಳುವುದು ಇಷ್ಟೇ: ಎಲ್ಲಿಗೇ ಹೋದರೂ ಆ ಪ್ರಶ್ನೆ ಕೇಳಿ.

ನಮ್ಮ ಸುತ್ತಲಿನ ಬಾಗಿಲುಗಳು

ನಮ್ಮ ಮಕ್ಕಳು ಹೆಚ್ಚಾಗಿ ಹೋಗುವ ಕೆಲವು ಕಡೆ ಉತ್ತರ ಬೇರೆ ಬೇರೆ. ಇಲ್ಲೇ ಹತ್ತಿರದ ರೈಸ್‌ನಲ್ಲಿ 1957ರಿಂದ ರೆಸಿಡೆನ್ಷಿಯಲ್ ಕಾಲೇಜ್ ಪದ್ಧತಿ ಇದೆ. ಪ್ರತಿ ವಿದ್ಯಾರ್ಥಿಯನ್ನೂ ಒಂದು ಕಾಲೇಜಿಗೆ, ಅಂದರೆ ಒಂದು ಮನೆತನಕ್ಕೆ ಎನ್ನಿ, ಸೇರಿಸುತ್ತಾರೆ. ಯಾವುದು ಎಂದು ಆರಿಸುವವರು ನಾವಲ್ಲ. ಪಕ್ಕದಲ್ಲೇ ಒಬ್ಬ ಪ್ರೊಫೆಸರ್ ಕುಟುಂಬ ಸಮೇತ ವಾಸ. ಕ್ಯಾಂಪಸ್ ಬಿಟ್ಟು ಹೊರಗೆ ಮನೆ ಮಾಡಿದರೂ ಆ ಕಾಲೇಜಿನ ಸದಸ್ಯತ್ವ ಹೋಗುವುದಿಲ್ಲ. ಡಾಲಸ್‌ನ ಎಸ್‌ಎಂಯು 2014ರಲ್ಲಿ ಹೀಗೆಯೇ ಹನ್ನೊಂದು ಕಾಮನ್ಸ್ ಮಾಡಿತು, ಮೊದಲ ಎರಡು ವರ್ಷ ಕ್ಯಾಂಪಸ್‌ನಲ್ಲೇ ಇರಬೇಕು. ಇಂಥ ಕಡೆ ಬಾಗಿಲು ತಟ್ಟುವವರನ್ನು ವಿಶ್ವವಿದ್ಯಾಲಯವೇ ಗೊತ್ತುಮಾಡಿರುತ್ತದೆ.

ಯುಟಿ ಆಸ್ಟಿನ್‌ನಂಥ ದೊಡ್ಡ ಕಡೆ ಡಾರ್ಮ್ ಸಿಕ್ಕಿದರೆ ಮಹಡಿಗೆ ಒಬ್ಬರು ಆರ್‌ಎ ಇರುತ್ತಾರೆ, ಅವರೂ ವಿದ್ಯಾರ್ಥಿಗಳೇ. ನಾನು ಮೂಗು ಮುರಿದ ಜೆಸ್ಟರ್‌ನಲ್ಲಿ ನಮ್ಮ ಸ್ನೇಹಿತರ ಮಗ ಇದ್ದ. ರೂಮ್‌ಮೇಟ್ ಎಲ್ ಪಾಸೋ ಕಡೆಯ ಹುಡುಗ, ಮೊದಲು ಒಂದು ಮಾತೂ ಇಲ್ಲ. ಇವನಿಗೆ ಫ್ಲೂ ಬಂದಾಗ ಆ ಹುಡುಗ ಮೂರು ದಿನ ಕೆಳಗಿನಿಂದ ಸೂಪ್ ತಂದುಕೊಟ್ಟ. ಚೊಂಬು ಬದಲು ಕಾಗದದ ಕಪ್ಪು, ಅಷ್ಟೇ.

2021ರ ಫೆಬ್ರವರಿಯ ಹಿಮಗಾಳಿ ನಿಮಗೆಲ್ಲ ನೆನಪಿದೆ. ಕರೆಂಟಿಲ್ಲದೆ, ನೀರಿಲ್ಲದೆ ಎಷ್ಟು ಅಪಾರ್ಟ್‌ಮೆಂಟ್‌ಗಳು ತಣ್ಣಗಾದವು! ಯುಟಿ ಆಸ್ಟಿನ್ ತನ್ನ ಆವರಣಕ್ಕೆ ಬೇಕಾದ ವಿದ್ಯುತ್ತನ್ನು ತಾನೇ ತಯಾರಿಸಿಕೊಳ್ಳುತ್ತದೆ ಎಂಬುದು ಆ ವಾರ ಎಷ್ಟೋ ಅಪ್ಪ ಅಮ್ಮಂದಿರಿಗೆ ಮೊದಲ ಸಲ ತಿಳಿಯಿತು. ಹೊರಗಿದ್ದ ಮಕ್ಕಳಲ್ಲಿ ಅಕ್ಕಪಕ್ಕದವರ ಪರಿಚಯವಿದ್ದವರು ಒಂದೇ ಕೋಣೆಯಲ್ಲಿ ಸೇರಿ ಹೊದಿಕೆ, ನೀರು ಹಂಚಿಕೊಂಡು ಕಳೆದರು. ಪರಿಚಯವಿಲ್ಲದವರು ಕಾರಿನಲ್ಲಿ ಕೂತು ಫೋನ್ ಚಾರ್ಜ್ ಮಾಡಿಕೊಂಡರು.

ಮನೆಯಿಂದಲೇ ಓಡಾಡುವವರ ವಿಷಯ. ಈ ಸ್ಟಾಫರ್ಡ್‌ನಿಂದ ಯೂನಿವರ್ಸಿಟಿ ಆಫ್ ಹ್ಯೂಸ್ಟನ್‌ಗೆ ಸುಮಾರು ಇಪ್ಪತ್ತು ಮೈಲಿ. ಬೆಳಗಿನ ಹೊತ್ತು 59ರ ಮೇಲೆ ಅದು ಎಷ್ಟು ದೂರ ಎಂದು ನಿಮಗೆ ನಾನು ಹೇಳಬೇಕಿಲ್ಲ. ಉಳಿತಾಯ ನಿಜ, ಅಮ್ಮನ ಕೈ ಊಟ ನಿಜ. ಮನೆಯಲ್ಲಿ ಬಾಗಿಲು ತಟ್ಟುವವರು ಇದ್ದೇ ಇದ್ದಾರೆ, ಸ್ವಲ್ಪ ಹೆಚ್ಚೇ ತಟ್ಟುತ್ತೇವೆ! ಆದರೆ ಕ್ಯಾಂಪಸ್‌ನಲ್ಲಿ ಆ ಮಗುವನ್ನು ಬಲ್ಲವರು ಯಾರೂ ಇಲ್ಲದೆ ನಾಲ್ಕು ವರ್ಷ ಕಳೆದುಹೋಗಬಹುದು. ಕ್ಲಾಸ್ ಮುಗಿದ ಕೂಡಲೇ ಪಾರ್ಕಿಂಗ್‌ಗೆ ಓಡುವ ಬದಲು ವಾರಕ್ಕೆ ಎರಡು ಮೂರು ದಿನವಾದರೂ ಸಂಜೆಯವರೆಗೆ ಅಲ್ಲಿರಲಿ. ಒಂದು ಲ್ಯಾಬೋ, ಒಂದು ಕ್ಲಬ್ಬೋ, ಒಂದು ಆಟವೋ ಇರಲಿ. ಅನುಕೂಲವಿದ್ದರೆ ಮೊದಲ ವರ್ಷವಾದರೂ ಅಲ್ಲೇ ಇರಲಿ.

ಸಹಿ ಹಾಕುವ ಮೊದಲು

ಇನ್ನು ವ್ಯವಹಾರದ ನಾಲ್ಕು ಮಾತು. ನಾನು ಹಣ ಕಳೆದುಕೊಂಡು ಕಲಿತದ್ದು, ನಿಮಗೆ ಪುಕ್ಕಟೆ.

ಒಂದು, ಡಾರ್ಮಿನ ಕರಾರು ಸಾಮಾನ್ಯವಾಗಿ ಓದಿನ ವರ್ಷಕ್ಕೆ, ಸುಮಾರು ಒಂಬತ್ತು ತಿಂಗಳಿಗೆ. ಹೊರಗಿನ ಲೀಸ್ ಹೆಚ್ಚಾಗಿ ಹನ್ನೆರಡು ತಿಂಗಳಿಗೆ. ತಿಂಗಳ ಬಾಡಿಗೆ ಹೋಲಿಸಬೇಡಿ, ವರ್ಷದ್ದನ್ನು ಹೋಲಿಸಿ. ಮಧ್ಯದಲ್ಲಿ ಬಿಡಬೇಕಾದರೆ ಏನು ಗತಿ ಎಂದು ಓದಿಕೊಳ್ಳಿ. ನಾನು ಓದಿರಲಿಲ್ಲ. ಬೇರೆ ಹುಡುಗಿ ಸಿಗುವವರೆಗೆ ಎರಡು ತಿಂಗಳು ಎರಡೂ ಕಡೆ ಬಾಡಿಗೆ ಕಟ್ಟಿದೆ.

ಎರಡು, ನಾಲ್ಕು ಜನ ಸೇರಿ ಮನೆ ಹಿಡಿದರೆ ಲೀಸ್ ಒಟ್ಟಿಗೋ, ಒಬ್ಬೊಬ್ಬರಿಗೆ ಬೇರೆಯೋ ಕೇಳಿ. ಒಟ್ಟಿಗಾದರೆ ಒಬ್ಬ ಕೈಕೊಟ್ಟರೂ ಅವನ ಪಾಲನ್ನು ಉಳಿದ ಮೂವರಿಂದ ಕೇಳಬಹುದು. ಗ್ಯಾರಂಟಿ ಸಹಿ ಹಾಕಿದ ಅಪ್ಪನನ್ನೂ ಕೇಳಬಹುದು.

ಮೂರು, ಮನೆ ಸೇರಿದ ದಿನವೇ ಗೋಡೆ, ಕಾರ್ಪೆಟ್, ಒಲೆ ಎಲ್ಲದರ ಫೋಟೋ ತೆಗೆದಿಡಿ. ಬಿಡುವಾಗ ಹೊಸ ವಿಳಾಸವನ್ನು ಬರೆದು ಕೊಡಿ. ಮನೆ ಬಿಟ್ಟು ವಿಳಾಸ ಕೊಟ್ಟ ಮೇಲೆ ಮೂವತ್ತು ದಿನದೊಳಗೆ ಠೇವಣಿ ಹಿಂದಿರುಗಿಸಬೇಕು, ಹಿಡಿದುಕೊಂಡರೆ ಲೆಕ್ಕ ಕೊಡಬೇಕು ಎಂದು ಟೆಕ್ಸಾಸ್ ಕಾನೂನು ಹೇಳುತ್ತದೆ.

ನಾಲ್ಕು, 529 ಖಾತೆಯ ಹಣವನ್ನು ವಸತಿ, ಊಟಕ್ಕೂ ಬಳಸಬಹುದು, ಮಗು ಕನಿಷ್ಠ ಅರ್ಧ ಹೊರೆಯ ವಿದ್ಯಾರ್ಥಿಯಾಗಿದ್ದರೆ. ಹೊರಗೆ ಇದ್ದರೂ ಸರಿ, ಆದರೆ ಕಾಲೇಜು ತನ್ನ ವೆಚ್ಚದ ಪಟ್ಟಿಯಲ್ಲಿ ಅದಕ್ಕೆ ತೋರಿಸಿದ ಮೊತ್ತದವರೆಗೆ ಮಾತ್ರ.

ಕೊನೆಯದಾಗಿ, ನೋಡಲು ಹೋದಾಗ ಮಾರ್ಕೆಟಿಂಗ್‌ನವರು ತೋರಿಸುವ ಮಾದರಿ ಕೋಣೆ ನೋಡಿ ಬಂದುಬಿಡಬೇಡಿ. ಸಂಜೆ ಏಳು ಗಂಟೆಗೆ ಹೋಗಿ. ಜನ ಒಟ್ಟಿಗೆ ಕೂತು ತಿನ್ನುತ್ತಿದ್ದಾರೆಯೇ, ಬಾಗಿಲುಗಳು ಸ್ವಲ್ಪ ತೆರೆದಿವೆಯೇ, ಲಿಫ್ಟ್‌ನಲ್ಲಿ ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುತ್ತಾರೆಯೇ ನೋಡಿ. ನೀವು ಸುಮ್ಮನಿರಿ, ಪ್ರಶ್ನೆ ಮಗು ಕೇಳಲಿ. ಆರಿಸುವುದೂ ಮಗುವೇ. ಮನೆಯನ್ನು ತಾನೇ ಆರಿಸಿಕೊಂಡ ಮಗು ಅದು ಸರಿಹೋಗದಿದ್ದರೆ ಬಾಯಿ ಬಿಟ್ಟು ಹೇಳುತ್ತದೆ. ಅಪ್ಪ ಆರಿಸಿದ ಮನೆಯಲ್ಲಿ ಸೋತರೆ ಅಪ್ಪನಿಗೆ ಹೇಗೆ ಹೇಳುವುದು ಎಂದು ಮುಚ್ಚಿಡುತ್ತದೆ. ಇದನ್ನು ನನ್ನ ಮಗಳೇ ನನಗೆ ಹೇಳಿದ್ದು.

ಭಾನುವಾರದ ಮನೆ

ನಮ್ಮ ಮಕ್ಕಳಿಗೆ ನಾವಿದ್ದೇವೆ. ಎರಡೂವರೆ ಗಂಟೆ ಗಾಡಿ ಓಡಿಸಿದರೆ ಆಸ್ಟಿನ್ ತಲುಪುತ್ತೇವೆ. ಆದರೆ ಪ್ರತಿ ಆಗಸ್ಟ್‌ನಲ್ಲಿ ಬೆಂಗಳೂರು, ಹುಬ್ಬಳ್ಳಿ, ಮಂಗಳೂರು, ಕಲಬುರಗಿಗಳಿಂದ ಎರಡು ಸೂಟ್‌ಕೇಸ್ ಹಿಡಿದು ಇಲ್ಲಿ ಇಳಿಯುವ ಮಕ್ಕಳಿದ್ದಾರಲ್ಲ? ಅವರು ಮನೆಯನ್ನು ವಾಟ್ಸಾಪ್‌ನಲ್ಲಿ ನೋಡಿ ಹಿಡಿದಿರುತ್ತಾರೆ. ಕಣ್ಣಾರೆ ನೋಡದ ಮನೆಗೆ ಮುಂಗಡ ಕಳಿಸಿ ಮೋಸ ಹೋದವರನ್ನು ನಾನು ಬಲ್ಲೆ. ಕಾರಿಲ್ಲದವರಿಗೆ ನೂರು ಡಿಗ್ರಿ ಬಿಸಿಲಿನಲ್ಲಿ ಹಾಲಿನ ಕ್ಯಾನು ಹೊತ್ತು ನಡೆಯುವುದೆಂದರೆ ಏನೆಂದು ನಮ್ಮಲ್ಲಿ ಅರ್ಧ ಜನಕ್ಕೆ ಗೊತ್ತು. ಅವರ ವೀಸಾದ ನಿಯಮದಂತೆ ಮನೆ ಬದಲಿಸಿದ ಹತ್ತು ದಿನದೊಳಗೆ ವಿಳಾಸ ತಿಳಿಸಬೇಕು ಎಂಬುದೂ ಕೆಲವರಿಗೆ ಗೊತ್ತಿರುವುದಿಲ್ಲ. ಅವರ ಅಪ್ಪ ಅಮ್ಮ ದೀಪಾವಳಿಗೆ ಹೇಳದೆ ಬಂದು ಫ್ರಿಜ್ ತೆಗೆದು ನೋಡುವ ಹಾಗಿಲ್ಲ.

ಅದಕ್ಕೆ ನಮ್ಮ ಮೂರೂ ಊರಿನ ಸಂಘಗಳ ಮುಂದೆ ನನ್ನದೊಂದು ಬೇಡಿಕೆ. ದೊಡ್ಡ ನಿಧಿ ಬೇಡ, ಸಮಿತಿ ಬೇಡ. ಒಂದು ಪಟ್ಟಿ ಸಾಕು. ತಿಂಗಳಿಗೆ ಒಂದು ಭಾನುವಾರ ಒಬ್ಬಿಬ್ಬರು ವಿದ್ಯಾರ್ಥಿಗಳನ್ನು ಊಟಕ್ಕೆ ಕರೆಯಬಲ್ಲ ಮನೆಗಳ ಪಟ್ಟಿ. ಈ ಸಲ ಜಾತಿ ಕೇಳುವ ವಾರಾನ್ನ ಅಲ್ಲ, ಕನ್ನಡ ಬಂದರೆ ಸಾಕು, ಬರದಿದ್ದರೆ ಹಸಿವಿದ್ದರೆ ಸಾಕು. ಹಬ್ಬದಡುಗೆ ಬೇಕಿಲ್ಲ. ಅನ್ನ, ಸಾರು, ಒಂದು ಪಲ್ಯ. ಮುಖ್ಯವಾದದ್ದು ಬರಬೇಕಾದ ಮಗು ಬರದಿದ್ದರೆ ಫೋನ್ ಮಾಡುವುದು. ಫೋನ್ ಎತ್ತದಿದ್ದರೆ ಹೋಗಿ ನೋಡುವುದು. ನಮ್ಮಪ್ಪನಿಗೆ ಬುಧವಾರದ ಮನೆ ಮಾಡಿದ್ದು ಅಷ್ಟೇ.

ರಿಚರ್ಡ್‌ಸನ್‌ನ ಹತ್ತಿರ ಇರುವವರು, ಆಸ್ಟಿನ್‌ನವರು, ಇಲ್ಲಿನವರು, ಊಟದ ಹೊತ್ತಿಗೆ ಆ ಮೂಲೆಯ ಮೇಜಿನ ಮೇಲೆ ಮೂರು ಹಾಳೆ ಇಟ್ಟಿರುತ್ತೇನೆ. ಹೆಸರು ಬರೆದು ಆಮೇಲೆ ಪುಳಿಯೋಗರೆಗೆ ಹೋಗಿ. ಮೊದಲ ಹಾಳೆಯಲ್ಲಿ ಮೊದಲ ಹೆಸರು ಈಗಾಗಲೇ ಬಿದ್ದಿದೆ. ಅದು ನನ್ನದಲ್ಲ, ನನ್ನ ಮಗಳದು. ಅವಳು ಈಗ ಆಸ್ಟಿನ್‌ನಲ್ಲೇ ಕೆಲಸಕ್ಕೆ ಸೇರಿ ಸಣ್ಣ ಮನೆ ಮಾಡಿದ್ದಾಳೆ. "ಅಪ್ಪ, ನಾಲ್ಕು ಜನಕ್ಕೆ ಅಂತ ಬರೀರಿ. ಆದ್ರೆ ಆರು ಜನ ಬಂದ್ರೂ ಪರವಾಗಿಲ್ಲ" ಎಂದಿದ್ದಾಳೆ. ಅಜ್ಜಿಯ ಆ ಎರಡು ಹಿಡಿ ಬೇಳೆ ಅವಳಿಗೆ ಇನ್ನೂ ನೆನಪಿದೆ.